‘ನನ್ನ ಹೆಸರು ತೆಗೀರಿ’ ಎಂದ ನಿರ್ದೇಶಕಿ

ಭಾನುವಾರ, ಬೆಳಗಿನ ಐದೂ ಕಾಲು. ಒಂದು ಕಾಲಕ್ಕೆ ಬಸ್ಸು ನಿಲ್ಲಿಸುತ್ತಿದ್ದ, ಈಗ ಹೇಳುವವರು ಕೇಳುವವರಿಲ್ಲದೆ ಬಿದ್ದಿರುವ ತಗಡಿನ ಶೆಡ್ಡು. ಒಳಗೆ ಹನ್ನೊಂದು ಹೊಲಿಗೆ ಯಂತ್ರಗಳು ಸಾಲಾಗಿ ನಿಂತಿವೆ. ತಲೆಗೆ ವಸ್ತ್ರ ಸುತ್ತಿಕೊಂಡ ಎತ್ತರದ ಹೆಂಗಸೊಬ್ಬರು ಟಾರ್ಚು ಹಿಡಿದು ಒಂದೊಂದೇ ಯಂತ್ರದ ಮುಂದೆ ಬಗ್ಗುತ್ತಾರೆ, ಚಕ್ರವನ್ನು ಅರ್ಧ ಸುತ್ತು ತಿರುಗಿಸುತ್ತಾರೆ, ಸೂಜಿಯ ಮೊನೆಯನ್ನು ಉಗುರಿನಿಂದ ಮುಟ್ಟಿ ನೋಡುತ್ತಾರೆ. ನಾಲ್ಕನೆಯದರ ಮುಂದೆ ನಿಂತವರೇ ತಿರುಗಿ ಗದರುತ್ತಾರೆ.

“ಸೂಜಿ ಮೊಂಡಾಗಿದೆ ಅಂತ ಹೋದ ವಾರಾನೇ ಹೇಳ್ಬೇಕಿತ್ತು ತಾನೆ? ಬೆಳಕು ಬಂದ್ಮೇಲೆ ಹೇಳಿದ್ರೆ ನಾನು ಮನುಷ್ಯಳಾಗಿರಲ್ಲ ನೋಡಿ!”

“ಈಗೇನು ಆಗಿದ್ದೀಯಾ ಅಂತ?” ಎಂದು ಸಾಲಿನ ತುದಿಯಿಂದ ಯಾರೋ ಅನ್ನುತ್ತಾರೆ. ಹೆಂಗಸರೆಲ್ಲ ಗೊಳ್ಳೆಂದು ನಗುತ್ತಾರೆ. ನಿರ್ದೇಶಕಿ ನಗುವುದಿಲ್ಲ. ಸೂಜಿ ಬದಲಾಯಿಸುತ್ತಾರೆ.

ಶೆಡ್ಡಿನ ಪೂರ್ವದ ಗೋಡೆಯಲ್ಲಿ, ಎತ್ತರದಲ್ಲಿ, ಗಾಜಿನ ಕಿಟಕಿಗಳ ಒಂದು ಸಾಲಿದೆ. ಆರೂ ಹತ್ತಕ್ಕೆ ಅಲ್ಲಿಂದ ಬೆಳಕು ಇಳಿಯುತ್ತದೆ. ಏಳೂ ಇಪ್ಪತ್ತೈದಕ್ಕೆ ಬಿಸಿಲು ಖಾರವಾಗಿ ಎಲ್ಲವೂ ಬೆಳ್ಳಗಾಗಿಬಿಡುತ್ತದೆ. ನಡುವಿನ ಎಪ್ಪತ್ತೈದು ನಿಮಿಷವಷ್ಟೇ ಈ ಸಿನಿಮಾಕ್ಕೆ ಸಿಗುವ ದೀಪ. ಹನ್ನೊಂದು ಯಂತ್ರಗಳನ್ನು ಜರುಗಿಸಿ ಜರುಗಿಸಿ ಮೂರು ಸಲ ಚಿತ್ರೀಕರಿಸಿದರೆ ಪರದೆಯ ಮೇಲೆ ಮೂವತ್ತರ ಸಾಲು ಕಾಣುತ್ತದೆ. ಅರವತ್ತು ಭಾನುವಾರ ಹೀಗೆ ಜರುಗಿಸಿದ್ದಾಗಿದೆ. ಇದು ಅರವತ್ತೊಂದನೆಯದು, ಚಿತ್ರೀಕರಣದ ಕೊನೆಯ ಬೆಳಗು.

ಸಿನಿಮಾದವರ ನಡುವೆ ಇವರು ಶಾರ್ಟಕ್ಕ. ಆರಡಿಗೆ ಎರಡೇ ಬೆರಳು ಕಡಿಮೆ ಇರುವ ಹೆಂಗಸಿಗೆ ಈ ಹೆಸರು ಬಿದ್ದದ್ದು ಹನ್ನೊಂದು ವರ್ಷದಲ್ಲಿ ಒಂಬತ್ತು ಶಾರ್ಟ್ ಫಿಲ್ಮ್ ಮಾಡಿದ್ದಕ್ಕೆ. ಪ್ರೀತಿಯಿಂದ ಹಾಗೆ ಕರೆದವರು ಕೆಲವರು, ‘ಇವಳ ಅಳತೆ ಇಷ್ಟೇ’ ಎಂದು ಗೆರೆ ಎಳೆಯಲು ಕರೆದವರು ಹಲವರು. ವಯಸ್ಸು ನಲವತ್ತಮೂರು. ಸೋಮವಾರದಿಂದ ಶನಿವಾರದವರೆಗೆ ಫೋಟೊ ಸ್ಟುಡಿಯೋದಲ್ಲಿ ಕೆಲಸ. ಪಾಸ್‌ಪೋರ್ಟಿಗೆ, ಗುರುತಿನ ಚೀಟಿಗೆ, ಅರ್ಜಿಗೆ ಬೇಕಾದ ಮುಖಗಳನ್ನು ದಿನಕ್ಕೆ ನಲವತ್ತರಿಂದ ಅರವತ್ತರವರೆಗೆ ತೆಗೆಯುತ್ತಾರೆ. “ವಾರಕ್ಕೆ ಆರು ದಿನ ಜನಕ್ಕೆ ‘ನಗಬೇಡಿ, ಅಲ್ಲಾಡಬೇಡಿ’ ಅಂತೀನಿ. ಏಳನೇ ದಿನ ‘ಸ್ವಲ್ಪ ಅಲ್ಲಾಡ್ರಮ್ಮಾ’ ಅಂತ ಬೇಡ್ಕೋತೀನಿ,” ಎನ್ನುತ್ತಾರೆ.

ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಂಗಸು ಎಂದು ಅವರನ್ನು ಬಲ್ಲವರೆಲ್ಲ ಎಚ್ಚರಿಸುತ್ತಾರೆ. ಆ ಸಿಟ್ಟು ಎಲ್ಲಿಂದ ಬಂತೆಂದು ಮಾತ್ರ ಯಾರೂ ಹೇಳುವುದಿಲ್ಲ.

ಅವರ ತಾಯಿ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಶರ್ಟಿನ ಕಾಲರ್ ಹೊಲಿದವರು. ಗಂಟೆಗೆ ಅರವತ್ತು, ದಿನಕ್ಕೆ ನಾನೂರ ಎಂಬತ್ತು. ಆ ಕಾರ್ಖಾನೆಯಲ್ಲಿ ಮೂವತ್ತು ಹೆಂಗಸರ ಒಂದು ಸಾಲಿಗೆ ಒಂದೇ ಒಂದು ಹಿತ್ತಾಳೆಯ ಬಿಲ್ಲೆ. ಶೌಚಕ್ಕೆ ಹೋಗಬೇಕಾದವರು ಅದನ್ನು ಕೇಳಿ ಪಡೆಯಬೇಕು, ಎಲ್ಲರಿಗೂ ಕಾಣುವಂತೆ ಕೊರಳಿಗೆ ಹಾಕಿಕೊಂಡು ಹೋಗಬೇಕು, ನಾಲ್ಕು ನಿಮಿಷದೊಳಗೆ ತಂದೊಪ್ಪಿಸಬೇಕು. ಒಬ್ಬರು ಹೋದರೆ ಉಳಿದ ಇಪ್ಪತ್ತೊಂಬತ್ತು ಮಂದಿ ಕಾಯಬೇಕು. ಟಾರ್ಗೆಟ್ ಹಿಂದೆ ಬಿದ್ದ ದಿನ ಬಿಲ್ಲೆಯೇ ಇಲ್ಲ. ಹೆಂಗಸರು ಇದಕ್ಕೆ ತಾವೇ ಒಂದು ಉಪಾಯ ಕಂಡುಕೊಂಡರು. ನೀರು ಕುಡಿಯುವುದನ್ನೇ ಬಿಟ್ಟರು.

“ಬೆಳಿಗ್ಗೆ ಮನೆ ಬಿಡೋವಾಗ ಒಂದು ಗುಟುಕು. ಆಮೇಲೆ ಸಂಜೆ ಬಂದ್ಮೇಲೇ. ಅಭ್ಯಾಸ ಆಗ್ಬಿಡುತ್ತೆ,” ಎಂದು ತಾಯಿ ಈಗಲೂ ಸಲೀಸಾಗಿ ಹೇಳುತ್ತಾರೆ. ಐವತ್ತೊಂದನೆಯ ವಯಸ್ಸಿಗೆ ಅವರ ಒಂದು ಮೂತ್ರಪಿಂಡವನ್ನು ತೆಗೆಯಬೇಕಾಯಿತು. ‘ನೀರು ಕುಡಿಯೋಕೆ ಏನಮ್ಮ ಕಷ್ಟ ನಿಮಗೆ?’ ಎಂದು ಡಾಕ್ಟರು ಕೇಳಿದ್ದಕ್ಕೆ ತಾಯಿ ನಕ್ಕುಬಿಟ್ಟರಂತೆ. “ಆ ನಗು ನೆನೆಸ್ಕೊಂಡ್ರೆ ಇವತ್ತಿಗೂ ನನ್ನ ಮೈ ಉರಿಯುತ್ತೆ. ಅಮ್ಮ ಅತ್ತಿದ್ರೆ ಬಹುಶಃ ನಾನು ಸಿನಿಮಾ ಮಾಡ್ತಾ ಇರ್ಲಿಲ್ಲ,” ಎನ್ನುತ್ತಾರೆ ಮಗಳು.

ಮಗಳೂ ಅದೇ ಕಾರ್ಖಾನೆಯ ಚೆಕಿಂಗ್ ವಿಭಾಗದಲ್ಲಿ ಎಂಟು ತಿಂಗಳು ಇದ್ದವರು. ಹದಿನೆಂಟು ತುಂಬಿದ ವರ್ಷ ಬಿಟ್ಟು ಬಂದು ಸ್ಟುಡಿಯೋ ಸೇರಿದರು. ಗುಡಿಸಿದರು, ಒರೆಸಿದರು, ಫೋಟೊ ಕತ್ತರಿಸಿದರು, ಕೊನೆಗೆ ಕ್ಯಾಮೆರಾ ಹಿಡಿದರು. ಸ್ಟುಡಿಯೋ ಯಜಮಾನರು ಹಳೆಯ ಕಾಲದ ಮನುಷ್ಯ. ಭಾನುವಾರ ಕ್ಯಾಮೆರಾ ಕೊಡುತ್ತಿದ್ದರು; ಕೊಡುವಾಗಲೆಲ್ಲ ‘ಇದು ನನ್ನ ಮಗಳಿದ್ದ ಹಾಗೆ’ ಎನ್ನುತ್ತಿದ್ದರು. ಅವರ ಮಗಳಿಗೂ ಈ ಮಾತು ಗೊತ್ತಿತ್ತು, ಮುಖ ಊದಿಸಿಕೊಳ್ಳುತ್ತಿದ್ದಳು.

ಮೊದಲ ಕಿರುಚಿತ್ರ ನಾಲ್ಕು ನಿಮಿಷದ್ದು. ಕೆಲಸದಿಂದ ಬಂದ ತಾಯಿ ಕನ್ನಡಿಯ ಮುಂದೆ ಕೂತು ಕೂದಲಿನಿಂದ ದಾರದ ಎಳೆಗಳನ್ನು ಒಂದೊಂದಾಗಿ ತೆಗೆಯುತ್ತಾರೆ, ಅಷ್ಟೇ. ಆಮೇಲೆ ಬಸ್ ಕಂಡಕ್ಟರಳ ಊದಿದ ಕಾಲು, ಆಸ್ಪತ್ರೆಯ ಬಟ್ಟೆ ಒಗೆಯುವವನ ಮಧ್ಯಾಹ್ನ, ಹಗಲೆಲ್ಲ ಲಿಫ್ಟಿನೊಳಗೇ ಕಳೆಯುವ ಮುದುಕ. ಎಂಟನೆಯದು ‘ಬಿಲ್ಲೆ’. ಏಳು ನಿಮಿಷ. ಒಬ್ಬ ಹೆಂಗಸು ಬಿಲ್ಲೆ ಕೇಳಲು ಕೈಯೆತ್ತುತ್ತಾಳೆ. ಏಳು ನಿಮಿಷವಾದರೂ ಯಾರೂ ಅವಳತ್ತ ನೋಡುವುದಿಲ್ಲ.

‘ಬಿಲ್ಲೆ’ ಊರೂರು ಸುತ್ತಿತು. ತಂಪಾದ ಸಭಾಂಗಣಗಳಲ್ಲಿ ಕೂತವರು ನೋಡಿದರು, ಕಣ್ಣೊರೆಸಿಕೊಂಡರು, ನಿರ್ದೇಶಕಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು, ಆಮೇಲೆ ಬಿಸ್ಕತ್ತಿನ ತಟ್ಟೆ ಕೈಯಲ್ಲಿ ಹಿಡಿದು ಒಂದೇ ಪ್ರಶ್ನೆ ಕೇಳಿದರು: ‘ಸಿನಿಮಾ ಯಾವಾಗ ಮಾಡ್ತೀರಿ?’ ಅದನ್ನು ಹೇಳುವಾಗ ಶಾರ್ಟಕ್ಕನ ಧ್ವನಿ ಏರುತ್ತದೆ. “ಹಾಗಾದ್ರೆ ಇಷ್ಟು ಹೊತ್ತು ಇವ್ರು ನೋಡಿದ್ದೇನು? ಕನ್ನಡೀನಾ?”

ಆದರೂ ಆಸೆ ಇತ್ತು. ಏಳು ನಿಮಿಷದಲ್ಲಿ ಕೈಯೆತ್ತಿದ ಹೆಂಗಸು ಮನೆಗೆ ಹೋಗಿ ಏನು ಮಾಡುತ್ತಾಳೆ, ಮಾರನೇ ದಿನ ಹೇಗೆ ಎದ್ದು ಬರುತ್ತಾಳೆ ಎಂಬುದು ಹಿಡಿಯಲಿಲ್ಲವಲ್ಲ. ಅಂಥ ಹೊತ್ತಿನಲ್ಲೇ, ‘ಬಿಲ್ಲೆ’ ನೋಡಿ ಅತ್ತೆನೆಂದು ಹೇಳಿಕೊಂಡು ನಿರ್ಮಾಪಕರೊಬ್ಬರು ಬಂದರು. ಕರಾರು ಹತ್ತೊಂಬತ್ತು ಪುಟ. ಸಿನಿಮಾದ ಕೊನೆಯ ರೂಪವನ್ನು ಕಂಪನಿಯೇ ತೀರ್ಮಾನಿಸುತ್ತದೆ ಎಂಬ ಸಾಲು ಹದಿನಾಲ್ಕನೆಯ ಪುಟದಲ್ಲಿತ್ತು.

“ಓದಿದೆ. ಓದೇ ಸಹಿ ಹಾಕಿದೆ. ಗೊತ್ತಿರ್ಲಿಲ್ಲ ಅಂತ ಸುಳ್ಳು ಹೇಳಲ್ಲ. ‘ಇದು ಎಲ್ಲರಿಗೂ ಇರೋ ಸಾಲು ಮೇಡಂ’ ಅಂದ್ರು. ನಾನೂ ಒಂದು ಸಲ ಎಲ್ಲರ ಥರ ಇರೋಣ ಅನ್ಕೊಂಡೆ.”

ಚಿತ್ರೀಕರಣಕ್ಕೆ ಮೊದಲು ಮೂರು ತಿಂಗಳು ಅವರು ತಾಯಿಯ ಸಾಲಿನ ಹೆಂಗಸರ ಮನೆಗಳಿಗೆ ಹೋಗಿ ಕೂತರು. ಗಂಡನಿಗೆ, ಹೆತ್ತ ಮಕ್ಕಳಿಗೆ ಹೇಳದ ಸಂಗತಿಗಳನ್ನು ಆ ಹೆಂಗಸರು ಇವರ ಮುಂದೆ ಬಿಚ್ಚಿಟ್ಟರು. ಎಲ್ಲರಿಗಿಂತ ಹೆಚ್ಚು ಹೇಳಿದವರು ಶರ್ಟಿಗೆ ಗುಂಡಿ ಕೂರಿಸುವ ಹಿರಿಯ ಹೆಂಗಸು. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಗುಂಡಿಯಕ್ಕ. ಚಿತ್ರೀಕರಣದ ಎರಡು ದಿನ ಸಾಲಿಗೆ ಸಾಲೇ ರಜೆ ಹಾಕಿ ಬಂದು, ಕ್ಯಾಮೆರಾ ಮುಂದೆ ಕೂತು ಹೊಲಿಯಿತು.

ಇಪ್ಪತ್ಮೂರು ದಿನಕ್ಕೆ ಚಿತ್ರೀಕರಣ ಮುಗಿಯಿತು. ಆಮೇಲೆ ಸಂಕಲನದ ಕೋಣೆಯ ಬಾಗಿಲಲ್ಲಿ ಒಬ್ಬರು ನಿಂತು, ‘ನೀವು ಸ್ವಲ್ಪ ರೆಸ್ಟ್ ತಗೊಳ್ಳಿ ಮೇಡಂ’ ಎಂದರು. ಎರಡು ವಾರದ ಮೇಲೂ ಅದೇ ಮಾತು, ತಿಂಗಳಾದ ಮೇಲೂ ಅದೇ ಮಾತು. ನಾಲ್ಕು ತಿಂಗಳಿಗೆ ಮೊದಲ ಪ್ರದರ್ಶನದ ಆಹ್ವಾನ ಬಂತು. ಸಿನಿಮಾದ ಹೆಸರೂ ಬದಲಾಗಿತ್ತು. ಆ ಹೊಸ ಹೆಸರನ್ನು ಶಾರ್ಟಕ್ಕ ಬಾಯಲ್ಲಿ ಹೇಳುವುದಿಲ್ಲ. ಇಲ್ಲಿ ಬರೆಯುವುದೂ ಬೇಡ.

ಮೂರನೆಯ ಸಾಲಿನಲ್ಲಿ ತಾಯಿ, ಗುಂಡಿಯಕ್ಕ, ಇನ್ನೂ ಎಂಟು ಹೆಂಗಸರು ಕೂತಿದ್ದರು. ಪರದೆಯ ಮೇಲೆ ಅವರ ಜಾಗದಲ್ಲಿ, ಕಂಪನಿ ಬೇರೆಯಾಗಿ ಚಿತ್ರೀಕರಿಸಿ ಸೇರಿಸಿದ್ದ ಮೂವತ್ತು ಮಂದಿ ಎಳೆಯ ಚೆಲುವೆಯರು ಹೊಲಿಯುತ್ತಿದ್ದರು. ಅರ್ಧ ಸಿನಿಮಾಕ್ಕೆ ಮಾಲೀಕನ ಮಗ ವಿದೇಶದಿಂದ ಬಂದ. ಬಿಲ್ಲೆ ನೋಡಿದ, ಅತ್ತ, ಅದನ್ನು ಕಿಟಕಿಯಿಂದಾಚೆ ಎಸೆದ. ಮೂವತ್ತು ಚೆಲುವೆಯರು ಒದ್ದೆಗಣ್ಣಲ್ಲಿ ಚಪ್ಪಾಳೆ ತಟ್ಟಿದರು. ತಾಯಿ ಮಗಳ ಕಡೆ ಬಾಗಿ, ನಿಜಕ್ಕೂ ಗೊತ್ತಾಗದೆ ಕೇಳಿದರು.

“ಈ ಹುಡುಗ ಯಾರೇ? ನಮ್ಮ ಫ್ಯಾಕ್ಟ್ರೀಗೆ ಇಂಥವನು ಯಾವತ್ತೂ ಬಂದಿರ್ಲಿಲ್ವಲ್ಲ?”

ಅಷ್ಟರಲ್ಲಿ ಗುಂಡಿಯಕ್ಕ ಎದ್ದಿದ್ದರು. ಅವರ ಹಿಂದೆ ಎಂಟೂ ಹೆಂಗಸರು ಒಬ್ಬೊಬ್ಬರಾಗಿ, ಯಾರ ಕಾಲೂ ತುಳಿಯದ ಹಾಗೆ ಮೈ ಹಿಡಿ ಮಾಡಿಕೊಂಡು, ಆಚೆ ನಡೆದರು.

ಪ್ರದರ್ಶನ ಮುಗಿದ ಮೇಲೆ ಹೂಗುಚ್ಛ ಹಿಡಿದು ಬಂದ ನಿರ್ಮಾಪಕರಿಗೆ ಶಾರ್ಟಕ್ಕ ಹೇಳಿದ್ದು ಮೂರೇ ಪದ. “ನನ್ನ ಹೆಸರು ತೆಗೀರಿ.”

“ಮೇಡಂ, ಮೊದಲನೇ ಸಿನಿಮಾ ನಿಮ್ದು. ಹೆಸರಿಲ್ಲದೇ ಹೋದ್ರೆ ಇನ್ಯಾರು ನಿಮ್ಮನ್ನ ಕರೀತಾರೆ?”

“ಈ ಹೆಸರಲ್ಲಿ ಕರೆದ್ರೆ ನಾನು ತಿರುಗೂ ನೋಡಲ್ಲ.”

ತೆಗೆಸಲು ಏಳು ಪತ್ರ ಬರೆಯಬೇಕಾಯಿತು. ಕೊನೆಗೆ ನಿರ್ದೇಶನದ ಜಾಗದಲ್ಲಿ ಕಂಪನಿಯ ಹೆಸರೇ ಬಂತು. ಅಷ್ಟು ಮಾಡಿದ್ದಕ್ಕೆ ಲೋಕ ಇವರಿಗೆ ಕೊಟ್ಟ ಬಿರುದು ‘ತಲೆ ಕೆಟ್ಟವಳು’. ಆ ಸಿನಿಮಾಕ್ಕೆ ಮಾತ್ರ ಪ್ರಶಸ್ತಿ ಸಿಕ್ಕಿತು. ‘ದುಡಿಯುವ ಹೆಣ್ಣಿನ ನೋವಿಗೆ ಮಿಡಿದ ಚಿತ್ರ’ ಎಂದು ಐವರು ತೀರ್ಪುಗಾರರು ಬರೆದರು. ಆ ಐವರಲ್ಲಿ ಒಬ್ಬರಾದರೂ ಒಂದು ದಿನ, ಒಂದೇ ಒಂದು ದಿನ, ಎಂಟು ಗಂಟೆ ನೀರು ಕುಡಿಯದೆ ಕೂತು ಕಾಲರ್ ಹೊಲಿದಿದ್ದರೆ ಆ ವಾಕ್ಯ ಬರೆಯಲು ಪೆನ್ನು ಏಳುತ್ತಿತ್ತೇ? ದುಡಿಯುವ ಹೆಣ್ಣು ಕೇಳಿದ್ದು ಮಿಡಿತವನ್ನಲ್ಲ, ಎದ್ದು ಹೋಗಿ ಬರಲು ನಾಲ್ಕು ನಿಮಿಷವನ್ನು. ಅದನ್ನೂ ಒಬ್ಬ ಶ್ರೀಮಂತನ ಮಗ ದಾನ ಕೊಟ್ಟಂತೆ ತೋರಿಸಿ, ಅದಕ್ಕೇ ಪ್ರಶಸ್ತಿ ಹೊಡೆದುಕೊಂಡರು.

ಅದರ ಪೆಟ್ಟು ಬಿದ್ದದ್ದು ಕಾರ್ಖಾನೆಯಲ್ಲಿ. ಬಿಲ್ಲೆ ಕೇಳಿದವರಿಗೆಲ್ಲ ಸೂಪರ್‌ವೈಸರ್, ‘ಯಾಕಮ್ಮ, ನಿಮ್ಮ ಹೀರೋ ಬರ್ಲಿಲ್ವಾ?’ ಎಂದು ಹಲ್ಲು ಕಿರಿಯತೊಡಗಿದ. ಶಾರ್ಟಕ್ಕ ಗುಂಡಿಯಕ್ಕನ ಮನೆಗೆ ಹೋದರೆ ಬಾಗಿಲು ಅಂಗೈಯಗಲ ಮಾತ್ರ ತೆರೆಯಿತು.

“ನಮ್ಮ ಉಚ್ಚೆ ಕಥೆ ಮಾರ್ಕೊಂಡು ಬಂದ್ಯಲ್ಲೇ,” ಎಂದರು ಗುಂಡಿಯಕ್ಕ. ಬಾಗಿಲು ಮುಚ್ಚಿತು.

ಆರು ಭಾನುವಾರ ಹೋದರೂ ಹಾಗೇ ಆಯಿತು. ಏಳನೆಯ ಭಾನುವಾರ ಗುಂಡಿಯಕ್ಕ ಹೊಸ್ತಿಲಲ್ಲೇ ಕೂರಿಸಿ ಮಾತಾಡಿದರು.

“ಮತ್ತೆ ಮಾಡ್ತೀನಿ ಅಂತೀಯ. ಮಾಡು. ಆದ್ರೆ ಮೊದ್ಲು ನಾವು ನೋಡ್ಬೇಕು. ನಾವು ಬೇಡ ಅಂದಿದ್ದು ಇರಬಾರ್ದು.”

“ಆಯ್ತಕ್ಕ. ಬರೆದು ಕೊಡ್ತೀನಿ.”

“ಬರೆದಿದ್ದನ್ನ ಏನು ಮಾಡ್ಲಿ? ನಂಗೆ ಓದೋಕೆ ಬರಲ್ಲ, ನಿಂಗೆ ಓದಿದ್ರೂ ಬುದ್ಧಿ ಬರಲ್ಲ. ಇನ್ನೊಂದು ಕೇಳು. ನೀನು ಬಿಲ್ಲೆ ಇಟ್ಕೊಂಡಿದ್ದ ದಿನ ಹಾಕ್ತೀಯಾ, ಅದ್ರಲ್ಲಿ?”

ಶಾರ್ಟಕ್ಕ ಅದುವರೆಗೆ ಯಾರಿಗೂ ಹೇಳದ ಸಂಗತಿ ಅದು. ಕಾರ್ಖಾನೆಯಲ್ಲಿದ್ದ ಎಂಟು ತಿಂಗಳಲ್ಲಿ ಮೂರು ವಾರ, ಸೂಪರ್‌ವೈಸರ್ ತಾಯಿಯ ಸಾಲಿನ ಬಿಲ್ಲೆಯನ್ನು ಈ ಚುರುಕು ಹುಡುಗಿಯ ಕೈಗೇ ಕೊಟ್ಟಿದ್ದ. ಒಂದು ಮಧ್ಯಾಹ್ನ ಟಾರ್ಗೆಟ್ ಹಿಂದೆ ಬಿದ್ದಿತ್ತು. ಗುಂಡಿಯಕ್ಕ ಮೂರು ಸಲ ಕೇಳಿದರು. ಮೂರು ಸಲವೂ ಹುಡುಗಿ, ‘ಐದೇ ನಿಮಿಷ ತಡ್ಕೊಳ್ಳಿ ಅಕ್ಕ’ ಎಂದಳು. ನಾಲ್ಕನೆಯ ಸಲ ಗುಂಡಿಯಕ್ಕ ಕೇಳಲಿಲ್ಲ. ಕೂತಲ್ಲೇ ಬಟ್ಟೆ ಒದ್ದೆಯಾಯಿತು. ಗಂಟೆ ಹೊಡೆಯುವವರೆಗೂ ಅವರು ಏಳದೆ ಗುಂಡಿ ಕೂರಿಸುತ್ತಲೇ ಇದ್ದರು. ಮುಂದಿನ ವಾರ ಹುಡುಗಿ ಕೆಲಸ ಬಿಟ್ಟಳು. ಒಂಬತ್ತು ಕಿರುಚಿತ್ರ ಮಾಡಿದರೂ ಆ ಮಧ್ಯಾಹ್ನ ಒಂದರಲ್ಲೂ ಬರಲಿಲ್ಲ.

“ಯಾರ ಮೇಲೆ ನಿಮಗೆ ಇಷ್ಟು ಸಿಟ್ಟು ಅಂತ ಕೇಳ್ತಾರೆ. ಮಾಲೀಕನ ಮೇಲಿದೆ, ಆ ಸೂಪರ್‌ವೈಸರ್ ಮೇಲಿದೆ, ಆ ನಿರ್ಮಾಪಕನ ಮೇಲಂತೂ ಇದ್ದೇ ಇದೆ. ಆದ್ರೆ ಆ ಹದಿನೆಂಟು ವರ್ಷದ ಹುಡುಗಿ ಮೇಲೆ ಇರೋವಷ್ಟು ಯಾರ ಮೇಲೂ ಇಲ್ಲ,” ಎನ್ನುತ್ತಾರೆ. ಹೇಳುವಾಗ ಮುಖ ಕೆಂಪಾಗುತ್ತದೆ, ಧ್ವನಿ ಮಾತ್ರ ಏರುವುದಿಲ್ಲ.

ಹಾಗೆ ಶುರುವಾಯಿತು ‘ಮೂವತ್ತಕ್ಕೊಂದು’, ಅವರ ನಿಜವಾದ ಮೊದಲ ದೊಡ್ಡ ಸಿನಿಮಾ. ಹೆಂಗಸರಿಗೆ ರಜೆ ಇರುವುದು ಭಾನುವಾರ ಮಾತ್ರ. ಆ ದಿನವೂ ಎಂಟರ ಮೇಲೆ ಮನೆಗೆಲಸ ಬಾಯಿ ತೆರೆದು ಕಾದಿರುತ್ತದೆ. ಕಿರುಚಿತ್ರ ಎರಡು ದಿನದಲ್ಲಿ ಮುಗಿಯುತ್ತಿತ್ತು, ಇದು ಒಂದೂವರೆ ವರ್ಷ ಎಳೆಯಿತು. ನಡುವೆ ಒಬ್ಬರು ಬಸುರಿಯಾದರು, ಹೆತ್ತರು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡೇ ಬಂದರು. ಇನ್ನೊಬ್ಬರು ಜ್ವರ ಬಂದು ಕೂದಲು ಕತ್ತರಿಸಿಕೊಂಡರು. ಹನ್ನೆರಡು ದೃಶ್ಯಗಳನ್ನು ಮತ್ತೆ ತೆಗೆಯಬೇಕಾಯಿತು. “ಏಳು ನಿಮಿಷದ ಸಿನಿಮಾದಲ್ಲಿ ಸುಳ್ಳು ಹೇಳೋಕೆ ಪುರುಸೊತ್ತೇ ಇರಲ್ಲ. ಎರಡು ಗಂಟೆ ಅಂದ್ರೆ ಸಾಕು, ಎಲ್ಲಿ ಜಾಗ ಇದೆ, ಏನು ತುಂಬೋಣ ಅಂತ ಎಲ್ಲರೂ ಬರ್ತಾರೆ. ನಾವೇ ಬರ್ತೀವಿ ಮೊದ್ಲು,” ಎನ್ನುತ್ತಾರೆ ಶಾರ್ಟಕ್ಕ.

ಆ ಮಧ್ಯಾಹ್ನದ ದೃಶ್ಯವನ್ನು ಮುಂದಕ್ಕೆ ಹಾಕುತ್ತ ಹಾಕುತ್ತ ಅದು ಅರವತ್ತೊಂದನೆಯ ಭಾನುವಾರಕ್ಕೆ ಬಂದು ನಿಂತಿದೆ. ಬಿಲ್ಲೆ ಹಿಡಿದ ಹುಡುಗಿಯಾಗಿ ನಟಿಸುವವಳು ನಿರ್ದೇಶಕಿಯ ತಮ್ಮನ ಮಗಳು. ಸೂಜಿ ಬದಲಾಗಿದೆ, ಬೆಳಕು ಇಳಿದಿದೆ.

“ಅತ್ತೆ, ಇವಳನ್ನ ಕೆಟ್ಟವಳ ಥರ ಮಾಡ್ಲಾ?” ಎಂದು ಹುಡುಗಿ ಕೇಳುತ್ತಾಳೆ.

“ಬೇಡ. ಒಳ್ಳೇವಳ ಥರಾನೇ ಮಾಡು. ಕೆಲ್ಸ ಉಳಿಸ್ಕೋಬೇಕು ಅನ್ನೋ ಒಳ್ಳೇ ಹುಡುಗಿ.”

ಗುಂಡಿಯಕ್ಕನ ಪಾತ್ರ ಗುಂಡಿಯಕ್ಕನದೇ. ಅವರು ಮೂರು ಸಲ ಕೇಳುತ್ತಾರೆ. ಹುಡುಗಿ ಮೂರು ಸಲ ಅದೇ ಮಾತು ಹೇಳುತ್ತಾಳೆ, ಮೂರನೆಯ ಸಲ ಮೆಲ್ಲಗೆ ನಕ್ಕು. ಗುಂಡಿಯಕ್ಕ ಯಂತ್ರದ ಮೇಲೆ ಬಾಗಿ ಸುಮ್ಮನಾಗುತ್ತಾರೆ. ಗುಂಡಿಯ ಮೇಲೆ ಗುಂಡಿ ಕೂರುತ್ತಲೇ ಇದೆ. ಕ್ಯಾಮೆರಾ ಓಡುತ್ತಲೇ ಇದೆ. ‘ಕಟ್’ ಎನ್ನಬೇಕಾದವರು ಕ್ಯಾಮೆರಾದ ಹಿಂದೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಾರೆ. ಬಹಳ ಹೊತ್ತಾದ ಮೇಲೆ ಗುಂಡಿಯಕ್ಕ ತಾವೇ ತಲೆಯೆತ್ತುತ್ತಾರೆ.

“ಸಾಕೇನೇ? ಏಳ್ಲಾ?”

ಆ ಬೆಳಗಿಗೆ ಈಗ ಎಂಟು ತಿಂಗಳು. ಸಂಕಲನ ಮುಗಿದು ಸಿನಿಮಾ ಒಂದು ಗಂಟೆ ನಲವತ್ತೆಂಟು ನಿಮಿಷಕ್ಕೆ ನಿಂತಿದೆ. ಮಾತಿನಂತೆ ಮೊದಲು ನೋಡಿದ್ದು ಸಾಲಿನ ಹೆಂಗಸರು. ಒಂದು ಆಸ್ಪತ್ರೆ ದೃಶ್ಯ ಬೇಡವೆಂದರು; ತೆಗೆಯಲಾಯಿತು. ‘ನಾವು ಬರೀ ಅಳ್ತಾ ಕೂತಿರ್ತೀವಾ? ಸೂಪರ್‌ವೈಸರ್ ನಡಿಗೆ ಅಣಕಿಸಿದ್ದು ಎಲ್ಲೋಯ್ತು?’ ಎಂದರು, ಸೇರಿಸಲಾಯಿತು. ಬಿಲ್ಲೆಯ ಮಧ್ಯಾಹ್ನದ ಬಗ್ಗೆ ಯಾರೂ ಏನೂ ಹೇಳಲಿಲ್ಲ. ಹೊರಡುವಾಗ ಗುಂಡಿಯಕ್ಕ ನಿರ್ದೇಶಕಿಯ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟರು.

ಆಮೇಲೆ ಸಿನಿಮಾ ಒಂದು ದೊಡ್ಡ ಚಿತ್ರೋತ್ಸವಕ್ಕೆ ಹೋಯಿತು. ತಿರಸ್ಕಾರದ ಪತ್ರ ಸಭ್ಯವಾಗಿತ್ತು: ‘ಇದೇ ವಸ್ತುವಿನ ಮೇಲೆ ಈಗಾಗಲೇ ಒಂದು ಪ್ರಶಸ್ತಿ ವಿಜೇತ ಚಿತ್ರ ಬಂದಿರುವುದರಿಂದ...’ ಶಾರ್ಟಕ್ಕ ಅದನ್ನು ಓದಿ, ಸ್ಟುಡಿಯೋದ ಬಾಗಿಲು ಹಾಕಿಕೊಂಡು, ಒಳಗೆ ಒಬ್ಬರೇ ಕಿರುಚಿದರಂತೆ. ಫೋಟೊಗೆ ಬಂದವರು ಹೆದರಿ ಯಜಮಾನರನ್ನು ಕರೆದರು. ‘ಏನಿಲ್ಲ, ಸಿನಿಮಾದವರು’ ಎಂದು ಯಜಮಾನರು ಸಮಾಧಾನ ಹೇಳಿ ಕೂರಿಸಿದರು.

ಚಿತ್ರೋತ್ಸವ ಬೇಡವೆಂದ ಮೇಲೆ ಒಂದು ಶಾಲೆಯ ಸಭಾಂಗಣ ಸಿಕ್ಕಿತು. ಇನ್ನೂರ ಹದಿನಾಲ್ಕು ಮಂದಿ ಬಂದರು, ಹೆಚ್ಚಿನವರು ಬೇರೆ ಬೇರೆ ಕಾರ್ಖಾನೆಗಳ ಟೈಲರ್‌ಗಳು. ಅದಾದ ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ, ಗುಂಡಿಯಕ್ಕನ ಸಾಲಿನ ಮೂವತ್ತು ಹೆಂಗಸರೂ ಬಿಲ್ಲೆ ಕೇಳದೆ ಒಟ್ಟಿಗೆ ಎದ್ದು ಶೌಚಾಲಯಕ್ಕೆ ನಡೆದರು. ಸಾಲು ಹದಿನೈದು ನಿಮಿಷ ನಿಂತುಹೋಯಿತು. ಸೂಪರ್‌ವೈಸರ್ ಕೂಗಾಡಿದ. ಮಂಗಳವಾರವೂ ಎದ್ದರು, ಬುಧವಾರವೂ ಎದ್ದರು. ಗುರುವಾರ ಆಡಳಿತ ದೊಡ್ಡ ಮನಸ್ಸು ಮಾಡಿ ಇನ್ನೊಂದು ಬಿಲ್ಲೆ ಕೊಟ್ಟಿತು. ಈಗ ಮೂವತ್ತಕ್ಕೆ ಎರಡು.

“ಖುಷಿ ಪಡ್ಬೇಕಂತೆ. ಇಪ್ಪತ್ತಾರು ವರ್ಷ, ಅಮ್ಮನ ಒಂದು ಕಿಡ್ನಿ, ಅದಕ್ಕೆ ಇನ್ನೊಂದು ಬಿಲ್ಲೆ. ಇವ್ರಿಗೆ ನಾಚಿಕೆ ಅನ್ನೋದೇ ಇಲ್ವಾ?” ಎಂದು ಶಾರ್ಟಕ್ಕ ಉರಿಯುತ್ತಾರೆ. ಹೆಂಗಸರು ಈಗಲೂ ವಾರಕ್ಕೊಮ್ಮೆ ಬಿಲ್ಲೆ ಕೇಳದೆ ಒಟ್ಟಿಗೆ ಏಳುತ್ತಾರೆ, ಅದು ನಿಂತಿಲ್ಲ.

ಪ್ರಶಸ್ತಿಯ ಮಾತು ತೆಗೆದರೆ ಅವರು ಕೈ ಕೊಡವುತ್ತಾರೆ. ಒತ್ತಾಯ ಮಾಡಿದರೆ ಮಾತ್ರ, ಶಾಲೆಯ ಸಭಾಂಗಣದಲ್ಲಿ ಸಿನಿಮಾ ಮುಗಿದ ಮೇಲೆ ನಡೆದ ಒಂದು ಸಂಗತಿ ಹೇಳುತ್ತಾರೆ. ಗುರುತು ಪರಿಚಯವಿಲ್ಲದ ವಯಸ್ಸಾದ ಟೈಲರ್ ಒಬ್ಬರು, ಕುರ್ಚಿಗಳೆಲ್ಲ ಖಾಲಿಯಾಗುವವರೆಗೆ ಕಾದಿದ್ದು, ಹತ್ತಿರ ಬಂದರಂತೆ. ಚೆನ್ನಾಗಿದೆ ಎನ್ನಲಿಲ್ಲ, ಅಳಲೂ ಇಲ್ಲ.

“‘ಆರನೇ ಮಷೀನಿನೋಳು ಕಾಲರ್ ತಿರುಗಿಸೋವಾಗ ಮೂಲೆ ಸ್ವಲ್ಪ ಸೊಟ್ಟ ಆಯ್ತು, ನೋಡ್ಕೋಬೇಕಿತ್ತು’ ಅಂದ್ರು. ಅಂದು ಹೊರಟುಹೋದ್ರು,” ಎನ್ನುತ್ತಾರೆ ಶಾರ್ಟಕ್ಕ. “ನಲವತ್ತು ವರ್ಷ ಹೊಲಿದಿರೋ ಕಣ್ಣು ಅದು. ನನ್ನ ಒಂದು ಗಂಟೆ ನಲವತ್ತೆಂಟು ನಿಮಿಷದಲ್ಲಿ ಅವ್ರಿಗೆ ಸಿಕ್ಕಿದ ತಪ್ಪು ಅದೊಂದೇ.”